ನೋಟ್‌ಪ್ಯಾಡಿನಲ್ಲಿ ಗದ್ದೆಯ ಹೆಸರುಗಳು

ನಮ್ಮ ಮಲೆನಾಡಿನ ಕಡೆ ಗದ್ದೆಗಳಿಗೂ ಹೆಸರಿರುತ್ತದೆ. ಬಾಗಿಲಗದ್ದೆ, ಉದ್ದಗದ್ದೆ, ಕೆರೆಕೆಳಗಿನ ಗದ್ದೆ, ಹಲಸಿನಮಕ್ಕಿ. ಪಹಣಿಯಲ್ಲಿ ಸರ್ವೆ ನಂಬರ್ ಮಾತ್ರ ಸಿಗುತ್ತದೆ. ಹೆಸರು ಉಳಿದಿರುವುದು ಉಳುವವರ ಬಾಯಲ್ಲಿ. ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪ ಇಂಥ 38 ಹೆಸರು ಬರೆದಿಟ್ಟ ನೋಟ್‌ಬುಕ್ ನನ್ನ ಮುಂದಿಟ್ಟು, “ಇದನ್ನ ಇಂಟರ್‌ನೆಟ್ಟಿಗೆ ಹಾಕೋದು ಹೆಂಗೆ ಮಾರಾಯ?” ಎಂದರು. ಸಿದ್ಧ ವಿನ್ಯಾಸ ಕೊಡುವ ಸೇವೆಗಳು ಬೇಕಾದಷ್ಟಿವೆ. ನಾನು ನೋಟ್‌ಪ್ಯಾಡ್ ತೆರೆದು ಕೀಲಿಮಣೆಯನ್ನು ಅವರತ್ತ ಸರಿಸಿದೆ.

ಮೊದಲ ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಕೈಯಾರೆ ಬರೆಯಬೇಕು ಅನ್ನುವುದು ನನ್ನ ಹಟ. ಕಲಿಯಬೇಕಾದದ್ದು ಒಂದು ಸಂಜೆಯಷ್ಟು. ಗಣಿತದ ಕಡಿಮೆ, ಹೆಚ್ಚು ಚಿಹ್ನೆಗಳ ನಡುವೆ ಪುಟ್ಟ ಹೆಸರು ಬರೆದರೆ ಟ್ಯಾಗ್. ಶೀರ್ಷಿಕೆಗೆ ‘ಎಚ್1’, ಪ್ಯಾರಾಕ್ಕೆ ‘ಪಿ’, ಪಟ್ಟಿಗೆ ‘ಯುಎಲ್’, ಪಟ್ಟಿಯ ಒಂದೊಂದು ಸಾಲಿಗೆ ‘ಎಲ್‌ಐ’, ಕೊಂಡಿಗೆ ‘ಎ’. ಮುಗಿದಲ್ಲಿ ಅದೇ ಹೆಸರಿಗೆ ಓರೆಗೆರೆ ಸೇರಿಸಿ ಮುಚ್ಚುವುದು. ಸಾಲು ಮುಂದೂಡಲು ‘ಬಿಆರ್’, ಚಿತ್ರಕ್ಕೆ ‘ಐಎಂಜಿ’; ಇವೆರಡಕ್ಕೆ ಮುಚ್ಚುವ ಟ್ಯಾಗ್ ಇಲ್ಲ.

ಚಿಕ್ಕಪ್ಪ ಎರಡನೇ ದಿನವೇ ಪ್ರತಿ ಗದ್ದೆಯ ಹೆಸರಿಗೂ ‘ಎಚ್1’ ಹಾಕಿಬಿಟ್ಟಿದ್ದರು. ಅಕ್ಷರ ದೊಡ್ಡದಾಗಿ ಕಾಣುತ್ತದಲ್ಲ, ಅದಕ್ಕೆ. ಕಲಿಕೆಯ ತಿರುವು ಇರುವುದೇ ಇಲ್ಲಿ. ‘ಎಚ್1’ ಅಂದರೆ ದೊಡ್ಡ ಅಕ್ಷರ ಅಂತಲ್ಲ, “ಇದು ಈ ಪುಟದ ಶೀರ್ಷಿಕೆ” ಅಂತ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಚ್ಚಿ ಪುಟ ಓದುವಾಗ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. 38 ಹೆಸರೂ ಶೀರ್ಷಿಕೆಯಾದರೆ ಅವರಿಗೆ ದಾರಿ ತಪ್ಪುತ್ತದೆ. ಅಂದಚೆಂದ ಸಿಎಸ್‌ಎಸ್‌ನ ಕೆಲಸ. ಯಾವುದು ಏನು ಎಂದು ಹೆಸರಿಟ್ಟು ಹೇಳುವುದಷ್ಟೇ ಟ್ಯಾಗಿನ ಕೆಲಸ. ಗದ್ದೆಗೆ ಹೆಸರಿಟ್ಟ ಊರಿನವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಈ ಭಾಷೆ ಕಟ್ಟಿದ್ದು ಇದೇ ಸರಳತೆಯಲ್ಲಿ. 1991ರಲ್ಲಿ ಅವರು ವಿವರಿಸಿದ ಟ್ಯಾಗುಗಳು ಇಪ್ಪತ್ತೂ ಇರಲಿಲ್ಲ. ಶೀರ್ಷಿಕೆ, ಪ್ಯಾರಾ, ಪಟ್ಟಿ, ಕೊಂಡಿ ಆಗಲೇ ಅದರಲ್ಲಿದ್ದವು. 1993ರ ಏಪ್ರಿಲ್ 30ರಂದು ಸರ್ನ್ ವೆಬ್ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಪ್ರಪಂಚದ ಮೊದಲ ಜಾಲತಾಣದ ಪುಟಗಳನ್ನು ಅದು ಮತ್ತೆ ಹಳೆಯ ವಿಳಾಸದಲ್ಲೇ ಇಟ್ಟಿದೆ, ಇವತ್ತಿನ ಫೋನಿನಲ್ಲೂ ತೆರೆದುಕೊಳ್ಳುತ್ತವೆ. ಇನ್ನೊಂದೆಡೆ, ಲಕ್ಷಾಂತರ ಜನ ತಮ್ಮ ಮೊದಲ ಪುಟ ಮಾಡಿಕೊಂಡಿದ್ದ ಜಿಯೊಸಿಟೀಸನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮುಚ್ಚಿತು. ಪ್ರತಿ ಇಟ್ಟುಕೊಂಡವರು ಬೇರೆಡೆ ಏರಿಸಿದರು. ಫೈಲು ನಿಮ್ಮ ಬಳಿ ಇರಲಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ಕನ್ನಡದಲ್ಲಿ ಬರೆಯುವವರು ಇನ್ನೂ ಒಂದೆರಡು ವಿಷಯ ಗಮನಿಸಬೇಕು. ಪ್ರಯೋಗಕ್ಕೆಂದು ಒಂದು ಸರ್ವರಿಗೆ ಏರಿಸಿ ಫೋನಿನಲ್ಲಿ ತೆರೆದಾಗ ನಮ್ಮ ಪುಟದಲ್ಲಿ ಕನ್ನಡವೇ ಇರಲಿಲ್ಲ. ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ‘ಎ’ಗಳ ಸಾಲು. ಕಾರಣ ಸರಳ. ‘ಗದ್ದೆ’ ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿಗೆ ಅದು ಗ, ದ, ಹಲಂತ, ಮತ್ತೊಂದು ದ, ಎತ್ವ ಸೇರಿ ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಬೈಟಿಗೊಂದು ಅಕ್ಷರ ಎಂದು ಬ್ರೌಸರ್ ಓದಿಕೊಂಡರೆ ಹೀಗಾಗುತ್ತದೆ. ಪುಟದ ತಲೆಯಲ್ಲಿ, ಮೊದಲ 1024 ಬೈಟಿನೊಳಗೆ, ಮೆಟಾ ಟ್ಯಾಗಿನಲ್ಲಿ ಯುಟಿಎಫ್-8 ಎಂದು ಬರೆಯಿರಿ. ಸೇವ್ ಮಾಡುವಾಗಲೂ ಅದನ್ನೇ ಆರಿಸಿ. ‘ಎಚ್‌ಟಿಎಂಎಲ್’ ಟ್ಯಾಗಿನಲ್ಲಿ ಭಾಷೆ ‘ಕೆಎನ್’ ಎಂದು ತಿಳಿಸಿದರೆ, ಕನ್ನಡ ಧ್ವನಿ ಇರುವ ಸ್ಕ್ರೀನ್ ರೀಡರಿಗೆ ಯಾವ ದನಿಯಲ್ಲಿ ಓದಬೇಕೆಂದು ಗೊತ್ತಾಗುತ್ತದೆ.

ಇನ್ನು ಸಾಲಿನ ಅಂತರ. ಒತ್ತಕ್ಷರ ಕೆಳಗಿಳಿಯುವ ಲಿಪಿ ನಮ್ಮದು. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ‘ರಾಷ್ಟ್ರ’ದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಸಿಎಸ್‌ಎಸ್‌ನಲ್ಲಿ 1.7ಕ್ಕಿಂತ ಕಡಿಮೆ ಇಡುವುದಿಲ್ಲ. ಓದುವವರ ಕಣ್ಣಿಗೆ ನಾವು ಕೊಡಬೇಕಾದ ಕನಿಷ್ಠ ಮರ್ಯಾದೆ ಅದು. ಇನ್ನೊಬ್ಬರ ಪುಟದಲ್ಲಿ ಅಂತರ ಚೆನ್ನಾಗಿ ಕಂಡರೆ ಕಂಪ್ಯೂಟರಿನಲ್ಲಿ ಕಂಟ್ರೋಲ್ ಜತೆ ಯು ಒತ್ತಿ ಪುಟದ ಮೂಲ ನೋಡಿ. ನನ್ನ ಅರ್ಧ ಕಲಿಕೆ ಹಾಗೆ ಇಣುಕಿಯೇ ಆದದ್ದು.

ಪುಟ ಏರಿದ ವಾರಕ್ಕೆ ಪಕ್ಕದ ಮನೆಯ ಹಿರಿಯರು ಮೊಮ್ಮಗಳ ಫೋನಿನಲ್ಲಿ ಪಟ್ಟಿ ಓದಿಸಿಕೊಂಡು, “ಹಲಸಿನಮಕ್ಕಿ ಅಲ್ಲ, ಅದು ಹೆಬ್ಬಲಸಿನಮಕ್ಕಿ” ಎಂದು ಹೇಳಿ ಕಳಿಸಿದರು. ಚಿಕ್ಕಪ್ಪ ನನಗೆ ಫೋನ್ ಮಾಡಿದ್ದು ತಿದ್ದಿ ಮುಗಿಸಿದ ಮೇಲೆ.