ಒಂದೇ ಪೀಪಾಯಿಯ ರಸ

ಶೀರ್ಷಿಕೆಯನ್ನು ಕಂಡೊಡನೆ ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆನು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದವನು ಸುರೆಯ ವಿಮರ್ಶೆಗೆ ಕೈಯಿಕ್ಕುವುದು ಉಚಿತವೇ? ನಾನು ಇದನ್ನು ಕುಡಿದವನಲ್ಲ. ಕುಡಿಯಿರೆಂದು ಹೇಳತಕ್ಕವನೂ ಅಲ್ಲ. ಆದರೆ ನಮ್ಮ ಆಲಂಕಾರಿಕರು ಆಸ್ವಾದವೆಂಬ ಮಾತನ್ನು ನಾಲಗೆಯಿಂದಲೇ ಕಡ ತಂದು ಕಾವ್ಯಕ್ಕೆ ಕೊಟ್ಟವರು. ಆ ಮಾತು ತನ್ನ ತವರಿನಲ್ಲಿ ಹೇಗಿದೆಯೆಂದು ಒಮ್ಮೆ ನೋಡಿಬರುವುದರಲ್ಲಿ ದೋಷವಿರಲಾರದು.

ಕಳೆದ ವರ್ಷ ಅಮೆರಿಕೆಯ ಸಿನ್ಸಿನಾಟಿಯಲ್ಲಿ ಕಿರಿಯ ಮಗನ ಮನೆಯಲ್ಲಿ ಐದು ತಿಂಗಳಿದ್ದೆನು. ನದಿಯನ್ನು ದಾಟಿದರೆ ಕೆಂಟಕಿ. ಒಂದು ಸಂಜೆ ಮಗನ ಮಿತ್ರರಿಬ್ಬರು ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಎರಡು ರೈ ವಿಸ್ಕಿಯ ಸೀಸೆಗಳನ್ನು ತಂದರು. ಭೇದವಿದ್ದುದು ಪೀಪಾಯಿಯ ಸಂಖ್ಯೆಯಲ್ಲಿ ಮಾತ್ರ. “ಮೇಷ್ಟ್ರೇ, ತಾವು ಕುಡಿಯಬೇಡಿ, ವಾಸನೆ ನೋಡಿ ಯಾವುದು ಮೇಲು ಎಂದು ಹೇಳಿ ಸಾಕು” ಎಂದರು. ವಿನೋದಕ್ಕಾಗಿ ಹೇಳಿದ ಮಾತು, ನಾನು ಒಪ್ಪಿಬಿಟ್ಟೆನು.

ರೈ ಎಂಬುದು ನಮ್ಮಲ್ಲಿ ಬಳಕೆಯಿಲ್ಲದ ಧಾನ್ಯ. ಗೋಧಿಯ ದಾಯಾದಿ, ಚಳಿಯನ್ನೂ ಬಡನೆಲವನ್ನೂ ಸಹಿಸುವಂಥದು. ಪೆನ್ಸಿಲ್ವೇನಿಯಾ, ಮೇರಿಲೆಂಡ್ ಪ್ರಾಂತಗಳಲ್ಲಿ ಇದರಿಂದ ಮದ್ಯವನ್ನಿಳಿಸುವುದು ಹಳೆಯ ವಾಡಿಕೆ. ಜಾರ್ಜ್ ವಾಷಿಂಗ್ಟನ್ ಮಹಾಶಯನ ಭಟ್ಟಿಯಲ್ಲಿಯೇ 1799ರಲ್ಲಿ ಸುಮಾರು 11,000 ಗ್ಯಾಲನ್ ಇಳಿಯಿತು. 1920ರಿಂದ 1933ರ ವರೆಗಿನ ಪಾನನಿರೋಧದ ಪೆಟ್ಟಿನಿಂದ ರೈ ಬಹುಕಾಲ ಮೇಲೇಳಲಿಲ್ಲ. ಈಗ ಅಲ್ಲಿಯ ಕಾನೂನಿನಂತೆ ಮೂಲಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ರೈ ಇರತಕ್ಕದ್ದು. ಒಳಮೈಯನ್ನು ಇದ್ದಲಾಗುವಂತೆ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲಿ ಅದನ್ನಿಡತಕ್ಕದ್ದು.

ಸಾಮಾನ್ಯವಾಗಿ ಅನೇಕ ಪೀಪಾಯಿಗಳನ್ನು ಬೆರೆಸಿ, ವರ್ಷವರ್ಷವೂ ಒಂದೇ ರುಚಿ ಬರುವಂತೆ ಮಾಡುವರು. ಸುಮಾರು 200 ಲೀಟರು ಹಿಡಿಸುವ ಒಂದೇ ಪೀಪಾಯಿಯದನ್ನು ಬೇರೆಯಾಗಿ ಸೀಸೆಗಿಳಿಸಿ ಮಾರುವ ಪದ್ಧತಿಯು 1984ರಲ್ಲಿ ಕೆಂಟಕಿಯ ಬ್ಲಾಂಟನ್ಸ್ ಎಂಬ ಬೂರ್ಬನ್ನಿನಿಂದ ಹೆಸರಾಯಿತು; ರೈ ಆಮೇಲೆ ಅದನ್ನನುಸರಿಸಿತು. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಬೆರಕೆಯದು ಹತ್ತು ಓಲೆಪ್ರತಿಗಳನ್ನು ಹೋಲಿಸಿ ಶೋಧಿಸಿದ ಪಾಠ. ಒಂದೇ ಪೀಪಾಯಿಯದು ಒಬ್ಬನೇ ಲಿಪಿಕಾರನ ಕೈಯ ಪ್ರತಿ: ಅವನ ಸೊಗಸೂ ಅವನದೇ, ಸ್ಖಾಲಿತ್ಯವೂ ಅವನದೇ. ಆದುದರಿಂದ ‘ಒಂದೇ ಪೀಪಾಯಿ’ ಎಂಬುದು ವಿಶೇಷಣವೇ ಹೊರತು ಪ್ರಶಂಸೆಯಲ್ಲ. ಬೆಲೆಯನ್ನು ನೋಡಿ ಅದನ್ನು ಪ್ರಶಂಸೆಯೆಂದು ಓದಿಕೊಳ್ಳುವವರೇ ಹೆಚ್ಚು.

ಧಾನ್ಯ ಒಂದು, ಭಟ್ಟಿ ಒಂದು, ಭೇದವೆಲ್ಲಿಯದು? ಮರದಿಂದ ಮರಕ್ಕೆ ಹಲಗೆಯ ಗುಣ ಬೇರೆ. ಅದಕ್ಕಿಂತಲೂ ಉಗ್ರಾಣದಲ್ಲಿ ಪೀಪಾಯಿಯಿದ್ದ ಅಂತಸ್ತು ಮುಖ್ಯ. ಬೇಸಗೆಯಲ್ಲಿ ದ್ರವವು ಹಿಗ್ಗಿ ಮರದೊಳಕ್ಕೆ ನುಗ್ಗುವುದು, ಚಳಿಗಾಲದಲ್ಲಿ ಹಿಂದಕ್ಕೆ ಬರುವುದು. ಮೇಲಂತಸ್ತಿನ ಬಿಸಿಯಲ್ಲಿ ನೀರಿನಂಶವು ಹೆಚ್ಚಾಗಿ ಆರಿಹೋಗಿ ಮದ್ಯವು ತೀಕ್ಷ್ಣವಾಗುವುದು. ಕೆಳಗಿನ ತಂಪಿನಲ್ಲಿ ಮೆಲ್ಲಗೆ ಹಣ್ಣಾಗುವುದು. ನಮ್ಮ ಬೆಂಗಳೂರಿನ ಅಮೃತ್ ಕಾರ್ಖಾನೆಯ ವಿಸ್ಕಿಯು 2004ರಲ್ಲಿ ಗ್ಲಾಸ್ಗೋ ನಗರಕ್ಕೆ ಹೋಗಿ ನಿಂತಾಗ, ಶೀತದೇಶದವರಿಗೆ ಈ ಬಿಸಿಲಿನ ಪ್ರಭಾವವು ಚೆನ್ನಾಗಿ ಮನದಟ್ಟಾಯಿತು.

ಇನ್ನು ರಸಿಕರ ಬರವಣಿಗೆಯ ವಿಷಯ. ಮಿತ್ರರು ಅಚ್ಚಾದ ಅಭಿಪ್ರಾಯಗಳನ್ನು ಓದಿ ಹೇಳಿದರು: ಲವಂಗ, ವೆನಿಲ್ಲಾ, ಮೆಣಸು, ಕಿತ್ತಳೆಯ ಸಿಪ್ಪೆ, ಸುಟ್ಟ ಸಕ್ಕರೆ, ಗಂಧಿಗೆಯಂಗಡಿಯ ಲೆಕ್ಕದಂತಿತ್ತು. ಎಲ್ಲವೂ ಕಲ್ಪನೆಯಲ್ಲ. ಸುಟ್ಟ ಓಕ್ ಮರದಿಂದ ವೆನಿಲ್ಲಾದ ಗಂಧದ್ರವ್ಯವೂ, ಲವಂಗದಲ್ಲಿರುವ ಯೂಜಿನಾಲೆಂಬುದೂ ನಿಜವಾಗಿಯೇ ಇಳಿಯುವುವಂತೆ. ಆದರೂ ಪದಚ್ಛೇದ ಮಾಡಿ ನಿಲ್ಲಿಸಿದ ವ್ಯಾಖ್ಯಾನವು ವ್ಯಾಖ್ಯಾನವಾಗದು. ಬೆಲ್ಲ, ಮೆಣಸುಗಳು ಕೂಡಿದ ಪಾನಕದ ರುಚಿಯು ಬೆಲ್ಲದ್ದೂ ಅಲ್ಲ, ಮೆಣಸಿನದೂ ಅಲ್ಲವೆಂಬ ಪಾನಕರಸದ ದೃಷ್ಟಾಂತವನ್ನು ನಮ್ಮವರು ಸುಮ್ಮನೆ ಕೊಟ್ಟರೆ? ಕೂಡಿದ ಮೇಲೆ ಏನಾಯಿತೆಂಬುದನ್ನು ಆ ಲೇಖಕರಲ್ಲಿ ಒಬ್ಬನೂ ಹೇಳಲಿಲ್ಲ.

ಹೇಳಹೊರಟ ನಾನಾದರೂ ಏನು ಮಾಡಿದೆನು? ಬಾಯಿ ಕಿರಿದಾದ ಬಟ್ಟಲನ್ನು ಮೂಗಿನಿಂದ ಸ್ವಲ್ಪ ದೂರ ಹಿಡಿದು, ತುಟಿಗಳನ್ನು ತುಸು ತೆರೆದು ಆಘ್ರಾಣಿಸಬೇಕೆಂದು ತೋರಿಸಿಕೊಟ್ಟರು. ಮೊದಲನೆಯದು ಒಣಹುಲ್ಲಿನಂತೆ, ಹಗುರವಾಗಿತ್ತು. ಎರಡನೆಯದನ್ನು ಎತ್ತಿದೊಡನೆ ನನ್ನ ಅಣ್ಣನ ಅಂಗವಸ್ತ್ರದ ವಾಸನೆ ಬಂದಿತು. ಅಣ್ಣನು ಕುಡಿದದ್ದು ಊರ ಹೊರಗಿನ ಸಾರಾಯಿ. ಓಕ್ ಮರವನ್ನು ಅವನು ಕಂಡವನಲ್ಲ. ಎರಡೆಕರೆ ಗದ್ದೆಯೂ ಅತ್ತಿಗೆಯ ಕೊರಳಿನದೂ ಹೋಗಿ, ನಲವತ್ತೆರಡನೆಯ ವಯಸ್ಸಿನಲ್ಲಿ ಅವನೂ ಹೋದನು. ಬಟ್ಟಲನ್ನು ಕೆಳಗಿಟ್ಟು, “ಮೊದಲನೆಯದೇ ಮೇಲು” ಎಂದುಬಿಟ್ಟೆನು. ಮಿತ್ರರು ಆಶ್ಚರ್ಯಪಟ್ಟರು. ಮಗನಿಗೆ ದೊಡ್ಡಪ್ಪನ ನೆನಪುಂಟು, ಅವನು ಮಾತನಾಡಲಿಲ್ಲ.

ಅಭಿನವಗುಪ್ತಾಚಾರ್ಯರು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿರುವರು. ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದು ಅವುಗಳಲ್ಲೊಂದು. ಇದನ್ನು ಎಷ್ಟು ಸಲ ಪಾಠ ಹೇಳಿದ್ದೆನೋ! ಬೆಲೆಗೆ ಮರುಳಾದವನೂ ಚೀಟಿಯ ಮೇಲಿನ ವಯಸ್ಸಿಗೆ ಮರುಳಾದವನೂ ಅನಧಿಕಾರಿಗಳೆಂದು ಮನಸ್ಸಿನಲ್ಲೇ ಹಳಿಯುತ್ತಿದ್ದ ನಾನು, ಅವರ ಪಂಕ್ತಿಯಲ್ಲೇ ಕುಳಿತಿದ್ದೆನು.

ಮರುದಿನ ಬೆಳಿಗ್ಗೆ ಬೇಗ ಎದ್ದು ಅಡಿಗೆಯ ಮನೆಗೆ ಹೋದೆನು. ಬಟ್ಟಲುಗಳನ್ನು ತೊಳೆಯದೆ, ಇಟ್ಟಲ್ಲಿಯೇ ಬಿಟ್ಟಿದ್ದರು. ಮದ್ಯವೆಲ್ಲ ಆರಿಹೋಗಿತ್ತು. ಮೊದಲನೆಯದರಲ್ಲಿ ಏನೂ ಉಳಿದಿರಲಿಲ್ಲ. ಎರಡನೆಯದರಲ್ಲಿ ಹಳೆಯ ಪೆಟ್ಟಿಗೆಯ ಮರದ ಗಂಧ, ಅದರ ಹಿಂದೆ ಕಣದಲ್ಲಿ ರಾಶಿ ಮಾಡಿದ ಧಾನ್ಯದ ಬೆಚ್ಚಗಿನ ವಾಸನೆ, ಎರಡೂ ಬಿಡಿಸಲಾಗದಂತೆ ಕೂಡಿ, ಬಹಳ ಹೊತ್ತು ನಿಂತಿದ್ದವು. ಮಗನು ಎದ್ದು ಬಂದಾಗ, ನಿನ್ನೆ ನಾನು ಹೇಳಿದ್ದು ತಪ್ಪೆಂದೂ, ಎರಡನೆಯದೇ ಉತ್ತಮವೆಂದೂ, ಅದನ್ನು ಮಿತ್ರರಿಗೆ ತಿಳಿಸಬೇಕೆಂದೂ ಹೇಳಿದೆನು. ಅವನು “ಆಗಲಿ ಅಪ್ಪಾ” ಎಂದು ಬಟ್ಟಲುಗಳನ್ನು ತೊಳೆಯಲು ತೆಗೆದುಕೊಂಡನು.