ಹಡಗಿನ ಮಾತಿಗೆ ದಂಡೆಯ ಪರೀಕ್ಷೆ

ಕ್ರೂಸ್ ಹಡಗಿನ ಅತಿಥಿ ಉಪನ್ಯಾಸಗಳು ಇವತ್ತಿಗೂ ಹಿರಿಯರು ಗಳಿಸಿಟ್ಟ ಕೀರ್ತಿಯ ಮೇಲೆ ಬದುಕುತ್ತಿವೆ. 1954ರಲ್ಲಿ ಶುರುವಾದ ಸ್ವಾನ್ ಹೆಲೆನಿಕ್ ಹಡಗು ಯಾತ್ರೆಗಳಲ್ಲಿ ಮಾತಾಡಿದವರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಒಬ್ಬರು. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಅದೇ ವೀಲರ್. ಹಡಗಿನಲ್ಲಿ ಕೇಳಿದ್ದನ್ನು ಕೇಳುಗರು ಗ್ರೀಸಿನ ದಂಡೆಗಿಳಿದು, ಕಲ್ಲುಗಳ ಎದುರು ನಿಂತು ಒರೆಗೆ ಹಚ್ಚಬಹುದಿತ್ತು. ಇಂದಿನ ದೊಡ್ಡ ಹಡಗುಗಳು ಆ ಕೀರ್ತಿಯನ್ನು ಉಳಿಸಿಕೊಂಡು ಪರೀಕ್ಷೆಯನ್ನು ಕೈಬಿಟ್ಟಿವೆ.

2004ರಲ್ಲಿ ಸೇವೆಗಿಳಿದ ಕ್ವೀನ್ ಮೇರಿ 2 ಹಡಗಿನ ಸಭಾಂಗಣ ತಾರಾಲಯವೂ ಹೌದು. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿನವರೆಗಿನ ಅಟ್ಲಾಂಟಿಕ್ ದಾರಿಯಲ್ಲಿ ಅಲ್ಲಿ ಒಳ್ಳೊಳ್ಳೆಯ ಮಾತುಗಾರರು ಸಿಗುತ್ತಾರೆ, ಒಪ್ಪುತ್ತೇನೆ. ಆದರೆ ಈ ಬಗೆಯ ಉಪನ್ಯಾಸದ ಹಂದರ ನೋಡಿ: ಮುಕ್ಕಾಲು ಗಂಟೆ, ಒಂದಷ್ಟು ಸ್ಲೈಡು, ಯಾರಿಗೂ ನೋಯದ ವಿಷಯ, ಕೊನೆಗೆ ಒಂದೆರಡು ಪ್ರಶ್ನೆ. ಅದೇ ಭಾಷಣ ಬೇರೆ ಸಮುದ್ರದಲ್ಲೂ ನಡೆದೀತು. ಹಲವು ಹಡಗುಗಳಲ್ಲಿ ಭಾಷಣಕಾರರಿಗೆ ಸಂಭಾವನೆಯ ಬದಲು ಕ್ಯಾಬಿನ್ ಸಿಗುತ್ತದೆ. ಅದನ್ನು ಗೊತ್ತುಮಾಡಿಕೊಡುವ ಏಜೆನ್ಸಿಗೆ ಅವರೇ ದಿನಕ್ಕಿಷ್ಟು ಎಂದು ಕಟ್ಟುವುದೂ ಉಂಟು. ಪ್ರಯಾಣಿಕರ ಮೆಚ್ಚುಗೆಯ ಮೇಲೆ ಮುಂದಿನ ಕರೆ ನಿಂತಿರುವಾಗ ಕೇಳುಗರನ್ನು ಕೆಣಕುವ ಧೈರ್ಯ ಯಾರಿಗೆ ಬಂದೀತು?

ಯಾರೂ ಹೊಗಳದ ಇನ್ನೊಂದು ಮಾತಿದೆ. ಅಂಟಾರ್ಕ್ಟಿಕಾಕ್ಕೆ ಹೋಗುವ ಸಣ್ಣ ಹಡಗುಗಳಲ್ಲಿ, ದಂಡೆಗಿಳಿಯುವ ಮುನ್ನ ಎಲ್ಲರೂ ಕೇಳಲೇಬೇಕಾದ ಸೂಚನಾ ಸಭೆ. 1991ರಲ್ಲಿ ಹುಟ್ಟಿದ ಪ್ರವಾಸ ನಿರ್ವಾಹಕರ ಒಕ್ಕೂಟ ಐಎಎಟಿಒದ ನಿಯಮಗಳನ್ನು ಅಲ್ಲಿ ವಿವರಿಸುತ್ತಾರೆ: ಒಂದು ಜಾಗದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇರುವಂತಿಲ್ಲ, ಪೆಂಗ್ವಿನ್‌ಗಳಿಂದ 5 ಮೀಟರ್ ದೂರ ನಿಲ್ಲಬೇಕು. ನನ್ನ ಮಟ್ಟಿಗೆ ಹಡಗಿನ ಮೇಲಿನ ಅತ್ಯುತ್ತಮ ಉಪನ್ಯಾಸ ಇದೇ.

ಕಾರಣ ಅದರ ಕ್ರಮದಲ್ಲಿದೆ. ಗೈಡ್ ಮೊದಲು ಪ್ರತಿಯೊಬ್ಬರ ಜಾಕೆಟ್, ಬ್ಯಾಗು, ಬೂಟು ತರಿಸುತ್ತಾರೆ. ಜೇಬಿನ ಮೂಲೆಗಳಿಗೆ ವ್ಯಾಕ್ಯೂಮ್ ಹಿಡಿಯುತ್ತಾರೆ, ವೆಲ್ಕ್ರೋ ಪಟ್ಟಿಯ ಎಳೆಗಳಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನು ಚಿಮಟದಿಂದ ಕೀಳುತ್ತಾರೆ. ಕಿಂಗ್ ಜಾರ್ಜ್ ದ್ವೀಪದಲ್ಲಿರುವ ಪೋಲೆಂಡಿನ ಆರ್ಕ್ಟೋವ್‌ಸ್ಕಿ ಠಾಣೆಯ ಸುತ್ತ ಪೋವಾ ಆನುವಾ ಎಂಬ ಹೊರಗಿನ ಹುಲ್ಲು ಮನುಷ್ಯರ ಜೊತೆ ಬಂದು ಬೇರುಬಿಟ್ಟ ಕಥೆಯನ್ನು ಆಮೇಲೆ ಹೇಳಿದರೆ, ಕೇಳುಗನಿಗೆ ಬೇರೆ ಸ್ಲೈಡು ಬೇಡ. ಆ ಬೀಜ ಅವನ ತೋಳಿನ ಪಟ್ಟಿಯಿಂದಲೇ ಹೊರಬಂದಿರುತ್ತದೆ. 5 ಮೀಟರ್ ನಿಯಮದ ವಿವರಣೆಯಲ್ಲೂ ಇದೇ ಜಾಣತನವಿದೆ. ಹಕ್ಕಿ ತಾನಾಗಿ ಹತ್ತಿರ ಬಂದರೆ ಅಲುಗದೆ ನಿಲ್ಲಿ, ಅದರ ದಾರಿಗೆ ಅಡ್ಡ ಬರಬೇಡಿ ಎನ್ನುತ್ತಾರೆ. ಅಲ್ಲಿಗೆ 5 ಎಂಬ ಬರೀ ಅಂಕಿಗೆ ಅರ್ಥ ಬರುತ್ತದೆ: ಆ ನೆಲದಲ್ಲಿ ನಡೆಯುವ ಹಕ್ಕು ಹಕ್ಕಿಯದು, ದೂರ ಕಾಯುವ ಹೊಣೆ ನಮ್ಮದು. ಸಂಜೆ ಊಟಕ್ಕೆ ಮುಂಚೆ ಲೌಂಜಿನಲ್ಲಿ ನಡೆಯುವ ರೀಕ್ಯಾಪ್‌ನಲ್ಲಿ ಗೈಡ್‌ಗಳು ಆ ದಿನ ಎಲ್ಲರೂ ಕಂಡದ್ದರ ಬಗ್ಗೆಯೇ ಮಾತಾಡಬೇಕು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಎಸೆದ ಮಾತಿಗೆ ಅಲ್ಲೇ ಉತ್ತರಿಸಬೇಕಾದ ಹಾಗೆ, ಇಲ್ಲಿ ಬಾಯಿಪಾಠ ನಡೆಯದು.

ಈ ಸೂಚನಾ ಸಭೆಯನ್ನು ಬೇಸರದ ನಿಯಮಪಾಠವೆಂದು ತಳ್ಳಿಹಾಕುವ ಪ್ರವಾಸ ಲೇಖಕರೊಂದಿಗೆ ನನಗೆ ತಕರಾರಿದೆ. ಡೇವಿಡ್ ಫಾಸ್ಟರ್ ವಾಲೆಸ್ 1996ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಬರೆದ ಕೆರಿಬಿಯನ್ ಪ್ರಯಾಣದ ಪ್ರಬಂಧ, ಮಿತಿಮೀರಿದ ಉಪಚಾರ ದೊಡ್ಡವರನ್ನು ಮಗುವಾಗಿಸುವುದನ್ನು ಸರಿಯಾಗಿಯೇ ಹಿಡಿಯಿತು. ಅವರ ಹಿಂದೆ ಹೋದವರು ಹಡಗಿನ ಮೇಲಿನ ಮಾತನ್ನೆಲ್ಲ ಅದೇ ಉಪಚಾರದ ಲೆಕ್ಕಕ್ಕೆ ಬರೆದರು. ದುಡ್ಡು ಕೊಟ್ಟವರಿಗೆ ‘ನೀವು ಹೀಗೆ ಮಾಡುವಂತಿಲ್ಲ’ ಎನ್ನುವ ಸಭೆ ಉಪಚಾರ ಹೇಗಾದೀತು? ಅದು ಅವರನ್ನು ಹೊಣೆಯರಿತ ವಯಸ್ಕರಂತೆ ಕಾಣುತ್ತದೆ.

ಪರಿಸರದ ಕಡೆಯ ಟೀಕೆ ಇದಕ್ಕಿಂತ ಗಟ್ಟಿಯಾದದ್ದು. 1966ರಲ್ಲಿ ಪ್ರವಾಸಿಗರನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಕಾಲದಿಂದಲೂ, ನೋಡಿ ಬಂದವರು ಆ ಖಂಡದ ರಾಯಭಾರಿಗಳಾಗುತ್ತಾರೆ ಎಂಬ ನಂಬಿಕೆಯಿದೆ. ಸುಟ್ಟ ಇಂಧನಕ್ಕೆ ಅದು ಸಮಾಧಾನವಲ್ಲ ಎನ್ನುವವರ ಜೊತೆ ನಾನಿದ್ದೇನೆ. ಆದರೆ ಅಷ್ಟಕ್ಕೆ ಉಪನ್ಯಾಸವನ್ನೂ ಬೂಟಾಟಿಕೆ ಎನ್ನುವುದು ಅನ್ಯಾಯ. ಅದರ ಬೆಲೆ ಊರಿಗೆ ಮರಳಿದ ಮೇಲಿನ ರಾಯಭಾರದಲ್ಲಿಲ್ಲ. ಮರುದಿನ ಬೆಳಿಗ್ಗೆ ನೂರು ಜನ ಗೂಡುಗಳ ಪಕ್ಕ ಓಡಾಡಿಯೂ ಹಕ್ಕಿಗಳು ಮೊಟ್ಟೆ ಬಿಟ್ಟೇಳದಿದ್ದರೆ ಉಪನ್ಯಾಸ ಗೆದ್ದ ಹಾಗೆ.

ದೊಡ್ಡ ಹಡಗುಗಳಿಗೂ ಇದೇ ಅಳತೆ ಸಲ್ಲಬೇಕು. ನಾಳೆ ಮುಟ್ಟುವ ಬಂದರಿನ ನೀರು, ಕಸ, ದುಡಿಮೆ, ಅಲ್ಲಿಯ ಜನ ಪ್ರವಾಸಿಗರಿಂದ ಪಡುವ ಪಾಡು ಇವನ್ನು ಸ್ಥಳೀಯರೇ ಹಡಗು ಹತ್ತಿ ಹೇಳಲಿ, ಪ್ರಶ್ನೆಗೆ ಅರ್ಧ ಸಮಯ ಬಿಡಲಿ. ಕೇಳಿದವನು ಮರುದಿನ ನಡೆದುಕೊಳ್ಳುವ ರೀತಿಯನ್ನು ಒಂದಿಷ್ಟೂ ಬದಲಿಸದ ಮಾತಿಗೆ ಸಮುದ್ರದ ತನಕ ಹೋಗಬೇಕಾಗಿಲ್ಲ. ಅದು ಮನೆಯಲ್ಲಿ ಕೂತರೂ ಸಿಗುತ್ತದೆ.