ಮೊದಲ ಸಾಮ್ರಾಜ್ಯ ಯಾವುದಿರಲಿ?

ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಹೆಸರುಗಳನ್ನು ಸಾಲಾಗಿ ಬರೆದರೆ ಅದೇ ಒಂದು ಇತಿಹಾಸದ ಪಾಠವಾಗುತ್ತದೆ. ವಿಜಯನಗರವೆಂಬುದು ಒಂದು ಸಾಮ್ರಾಜ್ಯದ ಹೆಸರು. ಅದರ ಮಗ್ಗುಲಲ್ಲೇ ಹಂಪಿನಗರವೂ ಇದೆ. ರಾಜಾಜಿನಗರಕ್ಕೆ ಹೆಸರು ಬಂದದ್ದು ರಾಜಗೋಪಾಲಾಚಾರಿಯವರಿಂದ. ಬ್ರಿಟಿಷ್ ಚಕ್ರಾಧಿಪತ್ಯದ ಪ್ರತಿನಿಧಿಗಳು ಕೂರುತ್ತಿದ್ದ ಗವರ್ನರ್ ಜನರಲ್ ಪೀಠದಲ್ಲಿ ಕೊನೆಯದಾಗಿ ಕೂತವರು ಅವರು. 1950ರಲ್ಲಿ ಅವರೊಂದಿಗೆ ಆ ಹುದ್ದೆಯೂ ಮುಗಿಯಿತು. ಬಸವೇಶ್ವರನಗರ ನೆನಪಿಸುವುದು ಬಿಜ್ಜಳನ ಭಂಡಾರಿಯಾಗಿದ್ದೂ ಅರಮನೆಯ ಹೊರಗಿನ ಜನರ ಪಕ್ಷ ವಹಿಸಿದ ಬಸವಣ್ಣನವರನ್ನು. ಸಾಮ್ರಾಜ್ಯ, ಅದರ ಅಂತ್ಯ, ಅದರೊಳಗಿನ ಪ್ರತಿರೋಧ - ಮೂರೂ ಒಂದೇ ಬಸ್ ಪ್ರಯಾಣದೊಳಗೆ ಸಿಗುತ್ತವೆ.

ಇದೇ ಬಡಾವಣೆಗಳ ಮನೆಗಳಲ್ಲಿ ಈಗ ಹೈಸ್ಕೂಲು ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಸಾಮ್ರಾಜ್ಯ ಕಟ್ಟುತ್ತಾರೆ. 2000ದ ದಶಕದಲ್ಲಿ ಅವರ ಅಣ್ಣಂದಿರು ಇದೇ ಕೆಲಸವನ್ನು ಗಂಟೆಗಿಷ್ಟು ಎಂದು ಕೊಟ್ಟು ಸೈಬರ್ ಕೆಫೆಗಳಲ್ಲಿ ಮಾಡುತ್ತಿದ್ದರು. ಹೊಸದಾಗಿ ಆಡಲು ಹೊರಟವರು ಕೇಳುವ ಪ್ರಶ್ನೆ ಅಂದೂ ಇಂದೂ ಒಂದೇ: ಮೊದಲು ಯಾವ ಆಟ? ಯಾವುದು ಸುಲಭ, ಯಾವುದರ ಚಿತ್ರಗಳು ಚೆಂದ, ಯಾವುದು ಮನೆಯ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ ಎಂದು ನೋಡಿ ಉತ್ತರ ಹೇಳುವವರೇ ಹೆಚ್ಚು. ಈ ಅಳತೆಗಳು ತಪ್ಪಲ್ಲ. ಆದರೆ ಸಾಲವು. ಪಗಡೆ ಅದೃಷ್ಟವನ್ನು ಪರಿಚಯಿಸಿದರೆ ಅಳಗುಳಿಮಣೆ ಎಣಿಕೆಯನ್ನು ಕಲಿಸುತ್ತದೆ. ಹಾಗಾದರೆ ಸಾಮ್ರಾಜ್ಯದ ಆಟ ಏನನ್ನು ಕಲಿಸುತ್ತದೆ?

ನಾಲ್ಕು ಕ್ರಿಯಾಪದಗಳು

1993ರಲ್ಲಿ ಅಮೆರಿಕದ ಆಟವಿಮರ್ಶಕ ಅಲನ್ ಎಮ್ರಿಚ್ ಅವರು 'ಮಾಸ್ಟರ್ ಆಫ್ ಓರಿಯನ್' ಎಂಬ ಆಟದ ಬಗ್ಗೆ ಬರೆಯುತ್ತಾ ಈ ಜಾತಿಯ ಆಟಗಳಿಗೆ 'ನಾಲ್ಕು ಎಕ್ಸ್' ಎಂಬ ಹೆಸರಿಟ್ಟರು. ಆ ನಾಲ್ಕು ಇಂಗ್ಲಿಷ್ ಪದಗಳನ್ನು ಕನ್ನಡದಲ್ಲಿ ಹೇಳುವುದಾದರೆ ಹುಡುಕು, ಹರಡು, ಹೀರು, ಹೊಸಕು. ಹೊಸ ನೆಲ ಹುಡುಕಬೇಕು, ಅಲ್ಲಿ ಹರಡಬೇಕು, ಅದರ ಸಂಪತ್ತು ಹೀರಬೇಕು, ಅಡ್ಡ ಬಂದವರನ್ನು ಹೊಸಕಬೇಕು. ಹೆಸರಿಟ್ಟವರಿಗೆ ಇದು ತಮಾಷೆಯ ಪದಜೋಡಣೆ. ವಸಾಹತುಶಾಹಿಯನ್ನು ಉಂಡವರಿಗೆ ಅದು ಈಸ್ಟ್ ಇಂಡಿಯಾ ಕಂಪೆನಿಯ ದಿನಚರಿಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ಈ ಆಟಗಳನ್ನೇ ಮನೆಯಿಂದ ಹೊರಗಿಡಬೇಕೆಂದು ನಾವು ಹೇಳುವುದಿಲ್ಲ. ಯೋಜನೆ, ತಾಳ್ಮೆ, ಒಂದು ನಿರ್ಧಾರದ ಫಲ ಬಹಳ ಹೊತ್ತಿನ ಬಳಿಕ ಬರುತ್ತದೆಂಬ ಅರಿವು - ಇವನ್ನು ಇಷ್ಟು ಚೆನ್ನಾಗಿ ಕಲಿಸುವ ಬೇರೆ ಮನರಂಜನೆ ಕಡಿಮೆ. ಆದರೆ ಮೊದಲ ಆಟ ಎಂಬುದಕ್ಕೆ ವಿಶೇಷ ಮಹತ್ವವಿದೆ. ಅನೇಕ ಮಕ್ಕಳಿಗೆ ಸಾಮ್ರಾಜ್ಯ ಎಂಬುದರ ಮೊದಲ ಚಿತ್ರ ಈಗ ಪಠ್ಯಪುಸ್ತಕದಿಂದಲ್ಲ, ಪರದೆಯಿಂದ ಸಿಗುತ್ತಿದೆ. ವಿಜಯನಗರದ ಹೆಸರನ್ನೂ ತಾಳಿಕೋಟೆಯ ಕದನವನ್ನೂ ಎರಡು ಸಮುದಾಯಗಳ ನಡುವಿನ ಗೋಡೆಯಾಗಿ ಬಳಸುವವರು ಇರುವ ನಾಡಿನಲ್ಲಿ ಆ ಮೊದಲ ಚಿತ್ರ ಹೇಗಿರುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಹೊನ್ನಾವರವೆಂಬ ಒರೆಗಲ್ಲು

ಆಟಗಳನ್ನು ಅಳೆಯಲು ನಮಗೊಂದು ಒರೆಗಲ್ಲು ಬೇಕು. ಅದನ್ನು ನಮ್ಮ ಕರಾವಳಿಯಿಂದಲೇ ತೆಗೆದುಕೊಳ್ಳೋಣ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಹೊನ್ನಾವರವನ್ನು ಕಂಡು ಬರೆದಿದ್ದಾನೆ. ಅಲ್ಲಿನ ಮುಸ್ಲಿಮ್ ಹೆಣ್ಣುಮಕ್ಕಳು ಕುರ್‌ಆನ್ ಕಂಠಪಾಠ ಮಾಡಿದ್ದರು, ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳಿದ್ದವು ಎನ್ನುತ್ತಾನೆ. ಅಲ್ಲಿನ ಆಡಳಿತಗಾರ ಮುಸ್ಲಿಮನಾಗಿದ್ದು, ಹರಿಯಬ್ ಎಂಬ ಮುಸ್ಲಿಮೇತರ ಅರಸನಿಗೆ ಅಧೀನನಾಗಿದ್ದನೆಂದೂ ಹೇಳುತ್ತಾನೆ. ಈ ಅರಸ ವಿಜಯನಗರದ ಹರಿಹರನೇ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಒಂದೇ ಊರು, ಹಲವು ಧರ್ಮ, ಒಬ್ಬರ ಮೇಲೊಬ್ಬರ ಅಧಿಕಾರ, ಮತ್ತು ಇದೆಲ್ಲದರ ನಡುವೆ ಹುಡುಗಿಯರ ಶಾಲೆ. ಇಂಥ ಊರಿಗೆ ಜಾಗವಿರುವ ಆಟ ಯಾವುದು?

ಏಜ್ ಆಫ್ ಎಂಪೈರ್ಸ್ - 2

1999ರಲ್ಲಿ ಬಂದ 'ಏಜ್ ಆಫ್ ಎಂಪೈರ್ಸ್' ಎರಡನೇ ಭಾಗ ಈ ಸಾಲಿನ ಹಿರಿಯಣ್ಣ. 2019ರಲ್ಲಿ ಅದರ ನವೀಕೃತ ಆವೃತ್ತಿ ಬಂತು. ಆರಂಭದಲ್ಲಿ ಆಟಗಾರನ ಕೈಯಲ್ಲಿ ಇರುವುದು ಒಂದು ಊರಕೇಂದ್ರ, ಮೂವರು ಹಳ್ಳಿಗರು, ಒಬ್ಬ ಕುದುರೆ ಬೇಹುಗಾರ. ಆಹಾರ, ಮರ, ಚಿನ್ನ, ಕಲ್ಲು ಕೂಡಿಸುತ್ತಾ ನಾಲ್ಕು ಯುಗಗಳನ್ನು ದಾಟಬೇಕು. ಮೊದಲ ಯುಗದಿಂದ ಎರಡನೆಯದಕ್ಕೆ ಏರಲು 500 ಆಹಾರ, ಮೂರನೆಯದಕ್ಕೆ 800 ಆಹಾರ ಮತ್ತು 200 ಚಿನ್ನ. ಲೆಕ್ಕ ಸರಳ. ವಿಲಿಯಂ ವಾಲೇಸ್‌ನ ಕತೆಯ ಏಳು ಅಧ್ಯಾಯಗಳ ಮೂಲಕ ಹೊಸಬರಿಗೆ ಹಂತಹಂತವಾಗಿ ಪಾಠವನ್ನೂ ಹೇಳಿಕೊಡುತ್ತದೆ.

ಮುಸ್ಲಿಮ್ ಓದುಗರಿಗೆ ಇದರಲ್ಲಿ ಕುತೂಹಲದ ಭಾಗವೆಂದರೆ ಸಲಾಹುದ್ದೀನ್ ಅಯ್ಯೂಬಿಯ ಆರು ಅಧ್ಯಾಯಗಳ ಕತೆ. ಅದನ್ನು ಹೇಳುವವನು ಸೆರೆಸಿಕ್ಕ ಒಬ್ಬ ಯುರೋಪಿನ ಯೋಧ. ಅರಬರ ಬಗ್ಗೆ ಅವನು ಹೊತ್ತು ತಂದಿದ್ದ ಕಲ್ಪನೆ ಕಣ್ಣಾರೆ ಕಂಡ ನಡವಳಿಕೆಯ ಮುಂದೆ ನಿಧಾನವಾಗಿ ಕರಗುತ್ತದೆ. 2001ರ ನಂತರ ಎಷ್ಟೋ ಆಟಗಳು ಅರಬನನ್ನು ಗುಂಡಿಗೆ ಗುರಿಯಾಗಿ ಮಾತ್ರ ತೋರಿಸಿದವು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಮಾತೇ. ಇಲ್ಲೂ ಎಚ್ಚರ ಬೇಕು. ಕೊನೆಯ ಅಧ್ಯಾಯದಲ್ಲಿ ಆಟಗಾರ ಗೆದ್ದರೆ ಅಕ್ಕಾ ಪಟ್ಟಣ ಉಳಿಯುತ್ತದೆ. ಇತಿಹಾಸದಲ್ಲಿ 1191ರಲ್ಲಿ ಅದು ಬಿದ್ದಿತು.

ಆದರೂ ಮೊದಲ ಆಟವಾಗಿ ನಮಗೆ ಇದರ ಮೇಲೆ ಎರಡು ಆಕ್ಷೇಪಗಳಿವೆ. ಒಂದು, ಇದು ಕಾಯುವುದಿಲ್ಲ. ಎಲ್ಲವೂ ಏಕಕಾಲಕ್ಕೆ ಓಡುತ್ತದೆ. ಯೋಚಿಸುವವನಿಗಿಂತ ಬೇಗ ಬೆರಳಾಡಿಸುವವನು ಗೆಲ್ಲುತ್ತಾನೆ. ಗೆಳೆಯರೊಂದಿಗೆ ಆಡುತ್ತಿರುವಾಗ ಅಮ್ಮ ಊಟಕ್ಕೆ ಕರೆದರೂ, ಅದಾನ್ ಕೇಳಿದರೂ ಎದ್ದುಬರುವುದು ಕಷ್ಟ. ಎರಡು, ಇಲ್ಲಿ ಧರ್ಮವೆಂದರೆ ಒಂದು ಆಯುಧ. ಸನ್ಯಾಸಿಯೊಬ್ಬ ಎದುರಾಳಿ ಸೈನಿಕನತ್ತ ಕೈಚಾಚಿ ಮಂತ್ರ ಹೇಳುತ್ತಾನೆ. ಕೆಲವು ಕ್ಷಣಗಳಲ್ಲಿ ಆ ಸೈನಿಕನ ಬಣ್ಣ ಬದಲಾಗಿ ಅವನು ಇತ್ತ ಕಡೆಯವನಾಗುತ್ತಾನೆ. ಮತಾಂತರವೆಂಬ ಪದವೇ ಬೆಂಕಿ ಹೊತ್ತಿಸುವ ಕಾಲದಲ್ಲಿ, ಮನುಷ್ಯನೊಬ್ಬನ ವಿಶ್ವಾಸ ಒಂದು ಕ್ಲಿಕ್ಕಿಗೆ ಬದಲಾಗುವ ವಸ್ತುವೆಂದು ಮಗು ಕಲಿಯುವುದು ಬೇಡ.

ಇನ್ನೊಂದು ಕೊರತೆ ನಮ್ಮ ನಾಡಿನವರಿಗೆ ಬೇಗ ಕಾಣುತ್ತದೆ. ಈ ಆಟದಲ್ಲಿ ಹೊಲವುಂಟು, ಕೋಟೆಯುಂಟು, ಕೆರೆ ಕಟ್ಟಿಸುವ ದಾರಿಯಿಲ್ಲ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಕೆಂಪೇಗೌಡರ ಹೆಸರಿನೊಂದಿಗೆ ಜನ ಮೊದಲು ನೆನೆಯುವುದು ಪೇಟೆಯನ್ನು ಮತ್ತು ಕೆರೆಗಳನ್ನು. ನೀರಿಲ್ಲದ ಸಾಮ್ರಾಜ್ಯ ದಖ್ಖನಿನದ್ದಾಗಿರಲು ಸಾಧ್ಯವಿಲ್ಲ.

ಯುರೋಪಾ ಯೂನಿವರ್ಸಾಲಿಸ್ - 4

2013ರ ಈ ಆಟ ಕನ್ನಡಿಗನನ್ನು ಥಟ್ಟನೆ ಸೆಳೆಯುತ್ತದೆ. ಏಕೆಂದರೆ ಇದರಲ್ಲಿ ವಿಜಯನಗರವನ್ನೂ ಆಡಬಹುದು, ಬಹಮನಿಯನ್ನೂ ಆಡಬಹುದು. ಆಟ ಆರಂಭವಾಗುವುದು 1444ರ ನವೆಂಬರ್ 11ರಂದು. ಅಂದರೆ ಎರಡನೇ ದೇವರಾಯನ ಆಳ್ವಿಕೆಯ ಕೊನೆಯ ದಿನಗಳು. ವಿಜಯನಗರದ ಬಡಾವಣೆಯ ಹುಡುಗ ಮೊದಲ ದಿನವೇ ವಿಜಯನಗರವನ್ನು ಆರಿಸಿಕೊಳ್ಳುವುದು ಸಹಜ.

ಇಲ್ಲೇ ತೊಡಕಿರುವುದು. ಈ ಆಟದಲ್ಲಿ ಪ್ರತಿ ಪ್ರಾಂತ್ಯಕ್ಕೂ ಒಂದೇ ಧರ್ಮ, ಒಂದೇ ಸಂಸ್ಕೃತಿ. ಅನ್ಯಧರ್ಮದ ಪ್ರಾಂತ್ಯ ಆಡಳಿತಕ್ಕೆ ಒಂದು ಸಮಸ್ಯೆ. ಧರ್ಮಪ್ರಚಾರಕನನ್ನು ಕಳಿಸಿ ಅದನ್ನು 'ಸರಿಪಡಿಸಬಹುದು'. ಹೀಗಾದಾಗ ತುಂಗಭದ್ರೆ ಕೃಷ್ಣೆಗಳ ನಡುವಿನ ರಾಜಕೀಯವೆಲ್ಲ ಎರಡು ಬಣ್ಣಗಳ ಕಾಳಗವಾಗಿ ಕಾಣತೊಡಗುತ್ತದೆ. ನಿಜದಲ್ಲಿ ಆಗಿದ್ದೇನು? ಆಟ ಆರಂಭವಾಗುವುದಕ್ಕೆ ಐದು ವರ್ಷ ಮುಂಚೆ, 1439ರಲ್ಲಿ, ದೇವರಾಯನ ಅಧಿಕಾರಿ ಅಹ್ಮದ್ ಖಾನ್ ರಾಜಧಾನಿಯಲ್ಲೇ ಮಸೀದಿ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಸೈನ್ಯದಲ್ಲಿ ಮುಸ್ಲಿಮ್ ಬಿಲ್ಲುಗಾರರಿಗೆ ಸ್ಥಾನ ಕೊಟ್ಟ ದೇವರಾಯ ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ್ದನೆಂದು ಫಿರಿಶ್ತಾ ಬರೆಯುತ್ತಾನೆ. ವಿಜಯನಗರದ ಅರಸರು 'ಹಿಂದೂರಾಯ ಸುರತ್ರಾಣ' ಎಂದು ತಮ್ಮನ್ನು ಕರೆದುಕೊಂಡರು. ಆ ಸುರತ್ರಾಣ ಬೇರೇನಲ್ಲ, ಸುಲ್ತಾನ್ ಎಂಬ ಪದವೇ. ಗೋಲ್ಕೊಂಡದ ಇಬ್ರಾಹೀಮ್ ಕುತುಬ್ ಶಾಹ್ ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. 1565ರಲ್ಲಿ ರಾಮರಾಯನ ವಿರುದ್ಧ ನಿಂತವರಲ್ಲಿ ಅವನೂ ಒಬ್ಬ. ಇದು ಧರ್ಮಯುದ್ಧದ ಕತೆಯಲ್ಲ, ನೆಂಟಸ್ತಿಕೆ ಕೆಟ್ಟ ಕತೆ.

ಆಟದಲ್ಲಿ ಅನ್ಯಧರ್ಮೀಯ ರಾಜ್ಯದೊಂದಿಗೆ ಮೈತ್ರಿ ಸಾಧ್ಯವಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆಳವಾದ, ಶ್ರಮಪಟ್ಟು ಮಾಡಿದ ಆಟ ಇದು. ಆದರೆ ನಿಯಮಗಳ ರಾಶಿ ಹೊಸಬರನ್ನು ಬೆದರಿಸುತ್ತದೆ. ಇತಿಹಾಸ ಗೊತ್ತಿದ್ದವನು ಇದರ ಭೂಪಟವನ್ನು ಪ್ರಶ್ನಿಸಿಯಾನು. ಗೊತ್ತಿಲ್ಲದ ಮಗು ಅದನ್ನೇ ಇತಿಹಾಸವೆಂದು ನಂಬೀತು. ಇದು ಮೂರನೆಯ ಆಟವಾಗಲಿ, ಮೊದಲನೆಯದಲ್ಲ.

ಸಿವಿಲೈಸೇಶನ್ - 6

ಸಿಡ್ ಮೇಯರ್ 1991ರಲ್ಲಿ ಆರಂಭಿಸಿದ ಈ ಸರಣಿಯ ಆರನೆಯ ಆಟ 2016ರಲ್ಲಿ ಬಂತು. ಹೊಸಬರಿಗೆ ನಮ್ಮ ಶಿಫಾರಸು ಇದೇ. ಮೊದಲ ಕಾರಣ, ಇದು ಚದುರಂಗದಂತೆ ಸರದಿಯ ಆಟ. ಒಬ್ಬರೇ ಆಡುವಾಗ ಆಟಗಾರ ತನ್ನ ನಡೆ ಮುಗಿಸುವವರೆಗೆ ಜಗತ್ತು ನಿಂತಿರುತ್ತದೆ. ನಮಾಝ್ ಮುಗಿಸಿ ಬಂದರೂ, ಹೋಮ್‌ವರ್ಕ್ ಮುಗಿಸಿ ಬಂದರೂ ಆಟ ಇದ್ದಲ್ಲೇ ಇರುತ್ತದೆ. ಎರಡನೆಯದು, ಗೆಲ್ಲಲು ಯುದ್ಧವೊಂದೇ ದಾರಿಯಲ್ಲ. ವಿಜ್ಞಾನದಿಂದಲೂ ಸಂಸ್ಕೃತಿಯಿಂದಲೂ ಗೆಲ್ಲಬಹುದು.

ಮೂರನೆಯದೇ ಮುಖ್ಯ. ಇಲ್ಲಿ ಒಂದು ನಗರದೊಳಗೆ ಹಲವು ಧರ್ಮಗಳ ಅನುಯಾಯಿಗಳು ಇರಬಹುದು, ಅವರ ಎಣಿಕೆಯೂ ಬೇರೆಬೇರೆ ಕಾಣುತ್ತದೆ. ಭಾರತವನ್ನು ಆರಿಸಿಕೊಂಡರೆ 'ಧರ್ಮ' ಎಂಬ ವಿಶೇಷ ಗುಣ ಸಿಗುತ್ತದೆ. ಒಂದು ನಗರದಲ್ಲಿ ಒಬ್ಬ ಅನುಯಾಯಿಯಾದರೂ ಇರುವ ಪ್ರತಿಯೊಂದು ಧರ್ಮದಿಂದಲೂ ಆ ನಗರಕ್ಕೆ ಲಾಭ. ಅಂದರೆ ನೆರೆಯವನ ಧರ್ಮವನ್ನು ಅಳಿಸಿದರೆ ನಷ್ಟ ಅಳಿಸಿದವನಿಗೇ. ನಮ್ಮ ಹೊನ್ನಾವರಕ್ಕೆ ಈ ಆಟದಲ್ಲಿ ಜಾಗವಿದೆ. ಭಾರತಕ್ಕೆ ಮೆಟ್ಟಿಲುಬಾವಿ ಕಟ್ಟುವ ಅವಕಾಶವನ್ನೂ ಕೊಟ್ಟಿದ್ದಾರೆ. ಕೆರೆಯಲ್ಲದಿದ್ದರೂ ನೀರಿನ ನೆನಪಾದರೂ ಇದೆ. ಸಲಾಹುದ್ದೀನನ ಅರೇಬಿಯಾ ಆರಿಸಿಕೊಂಡರೆ ವಿಶ್ವವಿದ್ಯಾಲಯದ ಬದಲು ಮದ್ರಸ ಕಟ್ಟಬಹುದು. ಅದು ವಿಜ್ಞಾನವನ್ನು ಹೆಚ್ಚಿಸುತ್ತದೆ. ಮದ್ರಸವೆಂದರೆ ಅನುಮಾನದಿಂದ ನೋಡುವವರಿಗೆ ಇದೊಂದು ಒಳ್ಳೆಯ ಉತ್ತರ.

ದೋಷಗಳಿಲ್ಲವೆಂದಲ್ಲ. ಇಲ್ಲಿ 'ಮಹಾ ಪ್ರವಾದಿ'ಗಳು ಅಂಕ ಕೂಡಿಸಿ ಪಡೆಯುವ ಕಾಯಿಗಳು. ಶಂಕರಾಚಾರ್ಯರ, ಮಧ್ವಾಚಾರ್ಯರ ಹೆಸರೂ ಆ ಪಟ್ಟಿಯಲ್ಲಿದೆ. ಅರೇಬಿಯಾದ ಒಂದು ಗುಣಕ್ಕೆ 'ಕೊನೆಯ ಪ್ರವಾದಿ' ಎಂದೇ ಹೆಸರಿಟ್ಟಿದ್ದಾರೆ. ಪ್ರವಾದಿತ್ವವು ಮುಹಮ್ಮದ್(ಸ)ರೊಂದಿಗೆ ಪೂರ್ಣಗೊಂಡಿತೆಂದು ನಂಬುವವರಿಗೆ ಅದನ್ನು ಲೆಕ್ಕದ ಸೌಲಭ್ಯವಾಗಿ ಕಾಣುವುದು ಮುಜುಗರದ ಸಂಗತಿ. ಧರ್ಮಪ್ರಚಾರಕರು ಸಿಡಿಲೆಸೆದು ಹೊಡೆದಾಡುವ ದೃಶ್ಯವೂ ಇದೆ. ರಾಜ್ಯ ಕಟ್ಟದ ಜನರನ್ನೆಲ್ಲ ಈ ಆಟ 'ಬಾರ್ಬೇರಿಯನ್' ಎನ್ನುತ್ತದೆ. ಅವರ ಬಿಡಾರಗಳನ್ನು ಸುಟ್ಟರೆ ಬಹುಮಾನ. ನಮ್ಮ ಕಾಡಿನ ಜನರನ್ನು ಅರಸರೂ ಆಂಗ್ಲರೂ ನೋಡಿದ್ದು ಇದೇ ಕಣ್ಣಿನಿಂದ ಎಂದು ಹಿರಿಯರು ಪಕ್ಕದಲ್ಲಿ ಕೂತು ಹೇಳಬೇಕು.

ಏರುವುದಷ್ಟೇ ಅಲ್ಲ, ಇಳಿಯುವುದೂ

ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಖದ್ದಿಮ'ದಲ್ಲಿ ರಾಜವಂಶದ ಆಯುಸ್ಸು ಸುಮಾರು ಮೂರು ತಲೆಮಾರು, 120 ವರ್ಷ ಎಂದ. ಒಗ್ಗಟ್ಟಿನಿಂದ ಗೆದ್ದವರು ಸುಖದಿಂದ ಸಡಿಲಗೊಳ್ಳುತ್ತಾರೆ, ತೆರಿಗೆ ಹೆಚ್ಚಿಸುತ್ತಾರೆ, ಕೊನೆಗೆ ಹೊರಗಿನವರಿಗೆ ಜಾಗ ಬಿಡುತ್ತಾರೆ. ನಾಲ್ಕು ವಂಶಗಳು ಒಂದರ ಮೇಲೊಂದು ಬಂದುಹೋದ ವಿಜಯನಗರದ ಚರಿತ್ರೆಯನ್ನು ಓದುವಾಗಲೂ ಈ ಮಾತು ನೆನಪಾಗುತ್ತದೆ. ಸಾಮ್ರಾಜ್ಯದ ಆಟಗಳು ಸಾಮಾನ್ಯವಾಗಿ ಏರುವುದನ್ನಷ್ಟೇ ತೋರಿಸುತ್ತವೆ. 'ಸಿವಿಲೈಸೇಶನ್' ಆರನೆಯ ಆಟಕ್ಕೆ 2018ರಲ್ಲಿ ಸೇರಿದ ಭಾಗದಲ್ಲಿ ಸುವರ್ಣಯುಗದೊಂದಿಗೆ ಕತ್ತಲ ಯುಗವೂ ಬಂತು. ನಿಷ್ಠೆ ಕಳೆದುಕೊಂಡ ನಗರ ಬಂಡೆದ್ದು ಹೊರಟುಹೋಗುತ್ತದೆ. ಇಬ್ನ್ ಖಲ್ದೂನ್ ನೋಡಿದ್ದರೆ ತಲೆದೂಗುತ್ತಿದ್ದನೇನೋ. 2025ರಲ್ಲಿ ಬಂದ ಏಳನೆಯ ಆಟ ಇನ್ನೂ ಮುಂದೆ ಹೋಗಿ, ಆಟಗಾರ ಒಂದೇ ಆಟದಲ್ಲಿ ಮೌರ್ಯರಿಂದ ಚೋಳರಿಗೆ, ಅಲ್ಲಿಂದ ಮೊಗಲರಿಗೆ ದಾಟುವಂತೆ ಮಾಡಿದೆ. ಇಬ್ನ್ ಬತೂತನೂ ಅದರಲ್ಲಿ ಒಬ್ಬ ನಾಯಕ. ನಮ್ಮ ನಾಡಿನ ಚರಿತ್ರೆ ಪದರಪದರವಾಗಿ ಬೆಳೆದದ್ದೆಂಬ ಸತ್ಯಕ್ಕೆ ಇದು ಹತ್ತಿರ. ಕಲಿಯಲು ಮಾತ್ರ ಆರನೆಯದೇ ಸಾಕು.

ಆರಂಭಿಸುವವರು ಹೀಗೆ ಮಾಡಲಿ: ಸಣ್ಣ ಭೂಪಟ, ಎಂಟು ಹಂತಗಳಲ್ಲಿ ಕೆಳಗಿನ 'ಸೆಟ್ಲರ್' ಅಥವಾ ಅದರ ಮೇಲಿನ 'ಚೀಫ್‌ಟನ್' ಹಂತ, ಗಾಂಧಿಯವರ ನಾಯಕತ್ವದ ಭಾರತ. ಸಾಮಾನ್ಯ ವೇಗದಲ್ಲಿ ಆಟ 500 ಸರದಿಗಳವರೆಗೆ ಸಾಗುತ್ತದೆ. 'ಆನ್‌ಲೈನ್' ಎಂಬ ವೇಗ ಆರಿಸಿದರೆ 250ಕ್ಕೆ ಮುಗಿಯುತ್ತದೆ. ಒಬ್ಬರೇ ಆಡುವಾಗಲೂ ಅದನ್ನು ಆರಿಸಬಹುದು. 'ಇನ್ನೊಂದೇ ಸರದಿ' ಎಂಬ ಚಟ ಈ ಆಟದ ಕುಖ್ಯಾತಿ. ಆದ್ದರಿಂದ ಎಷ್ಟು ಸರದಿ ಎಂದು ಕೂರುವ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕು. ಇದು ಕೈಗೆ ಹತ್ತಿದ ಮೇಲೆ ಸಲಾಹುದ್ದೀನನ ಆರು ಅಧ್ಯಾಯಗಳಿಗೆ ಹೋಗಲಿ. ವಿಜಯನಗರವನ್ನೋ ಬಹಮನಿಯನ್ನೋ ಆಡುವ ಆಸೆಯಾದಾಗ ಪಕ್ಕದಲ್ಲಿ ಕರ್ನಾಟಕದ ಇತಿಹಾಸದ ಒಂದು ಪುಸ್ತಕವಿರಲಿ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ಈ ಬಡಾವಣೆಗಳಿಗೆ ದೂರವೇನಲ್ಲ.

ಆಟವನ್ನು ಆಟವಾಗಿಯೇ ನೋಡಬೇಕು ಎಂಬ ಮಾತಿನಲ್ಲಿ ಹುರುಳಿದೆ. ಗೆದ್ದ ಸಾಮ್ರಾಜ್ಯ ಕಂಪ್ಯೂಟರ್ ಆರಿಸಿದೊಡನೆ ಮಾಯವಾಗುತ್ತದೆ. ಆದರೆ ನೆರೆಯವನ ಬಗ್ಗೆ ಅದು ಮೂಡಿಸಿದ ಭಾವನೆ ಮಾಯವಾಗುವುದಿಲ್ಲ. ವಿಜಯನಗರದ ಹುಡುಗನೂ ಪಾದರಾಯನಪುರದ ಹುಡುಗನೂ ಒಂದೇ ಪರದೆಯ ಮುಂದೆ ಕೂತಾಗ ಒಬ್ಬನ ಊರು ಇನ್ನೊಬ್ಬನಿಗೆ ಗೆಲ್ಲಬೇಕಾದ ಪ್ರಾಂತ್ಯವಾಗಿ ಕಾಣಬೇಕೋ, ಇಬ್ಬರೂ ಸೇರಿ ಕಟ್ಟಬೇಕಾದ ನಗರವಾಗಿ ಕಾಣಬೇಕೋ? ಮೊದಲ ಆಟವನ್ನು ಆರಿಸುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ.